ರೈಲಿಗೆ ಟೈರು ಯಾಕೆ? ಮಾಂಟ್ರಿಯಲ್ ಮೆಟ್ರೋ ನೋಡಿ ಬಂದವರಿಗೆ ಒಂದು ಉತ್ತರ

ಪ್ರಶ್ನೆ: ಸರ್, ನಾನು ಮೈಸೂರಿನವನು. ಮಗಳು, ಅಳಿಯ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾರೆ. ಕಳೆದ ಚಳಿಗಾಲ ಎರಡು ತಿಂಗಳು ಅಲ್ಲಿದ್ದೆ. ಅವರ ಮನೆ ಹತ್ತಿರದ ನೀಲಿ ಮಾರ್ಗದ ಮೆಟ್ರೋದಲ್ಲಿ ದಿನಾ ಓಡಾಡಿದೆ. ಆ ರೈಲಿಗೆ ಬಸ್ಸಿಗಿರುವ ಹಾಗೆ ರಬ್ಬರ್ ಟೈರು! ಆದರೆ ಕೆಳಗೆ ಕಬ್ಬಿಣದ ಹಳಿಯೂ ಇದೆ. ಎರಡೂ ಯಾಕೆ? ಟೈರು ಪಂಕ್ಚರ್ ಆದರೆ ಏನು ಗತಿ? ಇಡೀ ಮೆಟ್ರೋ ನೆಲದ ಒಳಗೇ ಓಡುತ್ತದೆ, ಒಂದು ಕಡೆಯೂ ಹೊರಗೆ ಬರುವುದಿಲ್ಲ. ಹಿಮ ಬೀಳುತ್ತದೆ ಅಂತಲಾ? ಇನ್ನೊಂದು ವಿಷಯ. ರೈಲು ಬಂದು ನಿಂತಾಗ ನನಗೆ ಕಡಲೆಕಾಯಿ ಹುರಿದ ವಾಸನೆ ಬರುತ್ತಿತ್ತು. ಮಗಳು ನಗುತ್ತಾಳೆ, 'ಅಪ್ಪಾ, ಇಲ್ಲೆಲ್ಲಿ ಕಡಲೆಕಾಯಿ ಪರಿಷೆ' ಅಂತ. ಟೈರು ಅಷ್ಟು ಒಳ್ಳೆಯದಾಗಿದ್ದರೆ ನಮ್ಮ ಬೆಂಗಳೂರು ಮೆಟ್ರೋಗೆ ಯಾಕೆ ಹಾಕಲಿಲ್ಲ? ಕೊನೆಗೆ ಮೊಮ್ಮಗನ ಪ್ರಶ್ನೆ: ಒಂದು ರೈಲಿಗೆ ಒಟ್ಟು ಎಷ್ಟು ಟೈರು?

ಉತ್ತರ: ಮೊದಲು ಕಡಲೆಕಾಯಿ ವಿಷಯ ಮುಗಿಸಿಬಿಡೋಣ. ನಿಮ್ಮ ಮೂಗು ಸರಿಯಾಗಿದೆ. ಮಗಳಿಗೆ ಧಾರಾಳವಾಗಿ ಹೇಳಿ.

ಮಾಂಟ್ರಿಯಲ್ ಮೆಟ್ರೋದ ಬ್ರೇಕ್ ಶೂಗಳನ್ನು ಮರದಲ್ಲಿ ಮಾಡುತ್ತಾರೆ. ಅಲ್ಲಿನ ಕಾಡಿನಲ್ಲಿ ಸಿಗುವ ಹಳದಿ ಬರ್ಚ್ ಅನ್ನುವ ಗಟ್ಟಿ ಮರ. ಆ ಮರದ ಒಳಗೆ ಕಡಲೆಕಾಯಿ ಎಣ್ಣೆ ಇಳಿಸಿರುತ್ತಾರೆ. ರೈಲಿನ ವೇಗವನ್ನು ಬಹುಪಾಲು ವಿದ್ಯುತ್ ಬ್ರೇಕೇ ತಗ್ಗಿಸುತ್ತದೆ. ಕೊನೆಯಲ್ಲಿ ಪೂರ್ತಿ ನಿಲ್ಲಿಸುವಾಗ ಈ ಮರದ ತುಂಡುಗಳು ಕಬ್ಬಿಣದ ಚಕ್ರವನ್ನು ಒತ್ತಿ ಹಿಡಿಯುತ್ತವೆ. ಉಜ್ಜಿ ಬಿಸಿಯಾದಾಗ ಎಣ್ಣೆಯ ಘಮ ಹೊರಗೆ ಬರುತ್ತದೆ. ಕೆಲವರಿಗೆ ಅದು ಪಾಪ್‌ಕಾರ್ನ್ ವಾಸನೆ ಅನ್ನಿಸುತ್ತದೆ. ಮೈಸೂರಿನವರಿಗೆ ಹುರಿದ ಕಡಲೆಕಾಯಿ ನೆನಪಾಗುವುದು ಸಹಜವೇ.

ಮರ ಯಾಕೆ ಅಂದರೆ, ಲೋಹದ ಬ್ರೇಕ್ ಆದರೆ ಉಜ್ಜಿದಾಗ ಲೋಹದ ಸಣ್ಣ ಪುಡಿ ಉದುರುತ್ತದೆ. ಮುಚ್ಚಿದ ಸುರಂಗದಲ್ಲಿ ಆ ಪುಡಿ ಎಲ್ಲಿಗೂ ಹೋಗುವುದಿಲ್ಲ. ಕರೆಂಟು ಹರಿಯುವ ಭಾಗಗಳ ಮೇಲೆ ಕೂತರೆ ಶಾರ್ಟ್ ಆಗುವ ಭಯ. ಮರದ ಪುಡಿಯಲ್ಲಿ ಕರೆಂಟು ಹರಿಯದು. ಜೊತೆಗೆ ಕಿರ್ ಅನ್ನುವ ಸದ್ದೂ ಇಲ್ಲ. ಇಷ್ಟು ದೊಡ್ಡ ಯಂತ್ರವನ್ನು ಎಣ್ಣೆ ಕುಡಿದ ಒಂದು ಮರದ ತುಂಡು ನಿಲ್ಲಿಸುತ್ತದೆ. ರೈಲಿನ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೂ ನನಗೆ ಇದು ತುಂಬ ಇಷ್ಟವಾದ ವಿಷಯ.

ಈಗ ಗಮನಿಸಿ. ಬ್ರೇಕ್ ಹಿಡಿಯುವುದು ಕಬ್ಬಿಣದ ಚಕ್ರವನ್ನು ಅಂದೆ. ಟೈರಿನ ರೈಲಿಗೆ ಕಬ್ಬಿಣದ ಚಕ್ರ ಎಲ್ಲಿಂದ ಬಂತು? ನಿಮ್ಮ ಮುಖ್ಯ ಪ್ರಶ್ನೆ ಇರುವುದು ಅಲ್ಲೇ.

ಒಂದು ಮಾತು ಬಿಡಿಸಿ ಹೇಳಬೇಕು. ನಾವು ಕನ್ನಡದಲ್ಲಿ ಬೋಗಿ ಅನ್ನುವುದು ಜನ ಕೂರುವ ಇಡೀ ಡಬ್ಬಿಗೆ. ರೈಲಿನ ಎಂಜಿನಿಯರುಗಳು ಬೋಗಿ ಅನ್ನುವುದು ಡಬ್ಬಿಯ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟಿಗೆ. ಗೊಂದಲ ಬೇಡ ಅಂತ ನಾನು ಇಲ್ಲಿ ಮೇಲಿನದನ್ನು ಡಬ್ಬಿ ಅಂತಲೂ ಕೆಳಗಿನದನ್ನು ಚಕ್ರಗಾಡಿ ಅಂತಲೂ ಕರೆಯುತ್ತೇನೆ. ಒಂದು ಡಬ್ಬಿಗೆ ಎರಡು ಚಕ್ರಗಾಡಿ, ಮುಂದೊಂದು ಹಿಂದೊಂದು.

ಒಂದು ಚಕ್ರಗಾಡಿಯ ಪಕ್ಕ ಬಗ್ಗಿ ಕೂತು ನೋಡಿದ ಹಾಗೆ ಕಲ್ಪಿಸಿಕೊಳ್ಳಿ. ಭಾರ ಹೊರುವ ಟೈರು ನಾಲ್ಕು. ನೋಡಲು ಲಾರಿ ಟೈರಿನ ಹಾಗೆಯೇ, ಆದರೆ ಇನ್ನೂ ಕಿರಿದು, ಒಳಗೆ ಉಕ್ಕಿನ ತಂತಿ ಹೆಣೆದು ಗಟ್ಟಿ ಮಾಡಿರುತ್ತಾರೆ. ಅವು ಓಡುವುದು ಹಳಿಯ ಮೇಲಲ್ಲ, ಹಳಿಯ ಹೊರಪಕ್ಕದಲ್ಲಿ ಹಾಕಿರುವ ಚಪ್ಪಟೆ ಕಾಂಕ್ರೀಟ್ ಪಟ್ಟಿಯ ಮೇಲೆ. ಪ್ರತಿ ಟೈರಿನ ಒಳಪಕ್ಕ, ಅದೇ ಅಚ್ಚಿನಲ್ಲಿ, ಒಂದು ಕಬ್ಬಿಣದ ಚಕ್ರ. ಮಾಮೂಲಿ ರೈಲಿನ ಚಕ್ರಕ್ಕಿಂತ ಅದರ ಅಂಚು ಜಾಸ್ತಿ ಆಳ. ಅದು ಹಳಿಯ ನೆತ್ತಿಯ ಮೇಲೆಯೇ ಇದ್ದರೂ ಓಡುವಾಗ ಹಳಿಯನ್ನು ಮುಟ್ಟುವುದಿಲ್ಲ. ನಡುವೆ ಒಂದಿಷ್ಟು ಸಂದು ಇರುತ್ತದೆ.

ಇನ್ನು ರೈಲು ಆ ಪಟ್ಟಿಯಿಂದ ಪಕ್ಕಕ್ಕೆ ಜಾರದಂತೆ ಹಿಡಿಯುವವರು ಯಾರು? ಅದಕ್ಕೆ ಬೇರೆ ನಾಲ್ಕು ಸಣ್ಣ ಟೈರು ಇವೆ. ಇವು ರೊಟ್ಟಿ ಹಂಚಿನ ಹಾಗೆ ಅಡ್ಡ ಮಲಗಿರುತ್ತವೆ. ದಾರಿಯ ಎರಡೂ ಕಡೆ ಉದ್ದಕ್ಕೂ ನಿಲ್ಲಿಸಿರುವ ಕಬ್ಬಿಣದ ಪಟ್ಟಿಗೆ ಒತ್ತಿಕೊಂಡು ಉರುಳುತ್ತವೆ. ಆ ಪಟ್ಟಿಯಲ್ಲೇ 750 ವೋಲ್ಟ್ ಡಿಸಿ ಕರೆಂಟು ಹರಿಯುತ್ತದೆ. ರೈಲಿಗೆ ದಾರಿ ತೋರಿಸುವುದೂ ಅದೇ, ಅನ್ನ ಹಾಕುವುದೂ ಅದೇ. ರಬ್ಬರಿನಲ್ಲಿ ಕರೆಂಟು ವಾಪಸ್ ಹೋಗಲಾರದು ಅಲ್ವಾ? ಅದಕ್ಕೆ ನೀವು ನೋಡಿದ ಆ ಮಾಮೂಲಿ ಹಳಿ ಬೇಕು. ಹಳಿಯನ್ನು ಉಜ್ಜುತ್ತಾ ಸಾಗುವ ಒಂದು ತುಂಡಿನ ಮೂಲಕ ಕರೆಂಟು ಹಳಿಗೆ ಇಳಿದು ವಾಪಸ್ ಹೋಗುತ್ತದೆ.

ಹಳಿಗೆ ಇನ್ನೂ ಎರಡು ಕೆಲಸ ಇದೆ. ಒಂದು, ನೀವು ಕೇಳಿದ ಪಂಕ್ಚರ್. ಟೈರಿನ ಗಾಳಿ ಹೋದರೆ ಡಬ್ಬಿ ಸ್ವಲ್ಪ ಕೆಳಗೆ ಕೂರುತ್ತದೆ. ಕಾಯುತ್ತಾ ಇದ್ದ ಕಬ್ಬಿಣದ ಚಕ್ರ ಹಳಿಯ ಮೇಲೆ ಕೂತು ಭಾರ ಹೊರುತ್ತದೆ. ರೈಲು ನಿಧಾನವಾಗಿ ಮುಂದಿನ ನಿಲ್ದಾಣ ಸೇರುತ್ತದೆ. ಇದನ್ನು ಗಾಳಿ ಅಂದರೂ ಟೈರಿನಲ್ಲಿ ತುಂಬುವುದು ಸಾರಜನಕ, ಅಂದರೆ ನೈಟ್ರೋಜನ್. ಟೈರು ಕಾದು ಒಡೆದರೂ ಬೆಂಕಿಗೆ ಆಮ್ಲಜನಕ ಸಿಗಬಾರದು ಅನ್ನುವ ಎಚ್ಚರ. ಈ ಎಚ್ಚರ ಸುಮ್ನೆ ಬಂದದ್ದಲ್ಲ. ಸುರಂಗದಲ್ಲಿ ರಬ್ಬರ್ ಹತ್ತಿಕೊಂಡರೆ ಹೊಗೆ ಭಯಂಕರ. 1971ರ ಡಿಸೆಂಬರ್ 9ರಂದು ಆಗ ಕಿತ್ತಳೆ ಮಾರ್ಗದ ಉತ್ತರದ ಕೊನೆಯಾಗಿದ್ದ ಆನ್ರಿ-ಬುರಾಸಾ ನಿಲ್ದಾಣದ ಬಳಿ, ನಿಂತಿದ್ದ ರೈಲಿಗೆ ಇನ್ನೊಂದು ರೈಲು ಗುದ್ದಿ ಬೆಂಕಿ ಹತ್ತಿತು. ಚಾಲಕರೊಬ್ಬರು ಸತ್ತರು, ಹಲವು ಡಬ್ಬಿಗಳು ಸುಟ್ಟವು.

ಎರಡನೆಯದು ಹಳಿ ಕವಲೊಡೆಯುವ ಜಾಗ. ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಕಡೆ ಕಾಂಕ್ರೀಟ್ ಪಟ್ಟಿಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಅಲ್ಲಿ ಟೈರಿಗೆ ದಾರಿ ತೋರಿಸುವುದು ಕಷ್ಟ. ಅದಕ್ಕೆ ಆ ಜಾಗದಲ್ಲಿ ಟೈರು ಓಡುವ ಪಟ್ಟಿಯನ್ನು ಮೆಲ್ಲಗೆ ಇಳಿಜಾರಾಗಿಸುತ್ತಾರೆ. ರೈಲು ಕೆಳಗಿಳಿದು ಕಬ್ಬಿಣದ ಚಕ್ರದ ಮೇಲೆ ಬರುತ್ತದೆ. ಆ ಆಳವಾದ ಅಂಚು ಇರುವುದೇ ಇದಕ್ಕೆ. ದಾಟಿದ ಮೇಲೆ ಪಟ್ಟಿ ಮತ್ತೆ ಮೇಲೇರುತ್ತದೆ, ಟೈರು ಮತ್ತೆ ಭಾರ ತೆಗೆದುಕೊಳ್ಳುತ್ತದೆ. ಮುಂದಿನ ಸಲ ಕೊನೆಯ ನಿಲ್ದಾಣದಲ್ಲಿ ರೈಲು ಹಳಿ ಬದಲಿಸುವಾಗ ಕಿವಿಗೊಟ್ಟು ಕೇಳಿ. ಟೈರಿನ ಗುಂಯ್ ಸದ್ದು ಹೋಗಿ ಕೆಲವು ಕ್ಷಣ ಕಬ್ಬಿಣದ ಖಡಖಡ ಬರುತ್ತದೆ.

ಹಾಗಾದರೆ ಇಷ್ಟೆಲ್ಲ ಕಷ್ಟ ಪಟ್ಟು ಟೈರು ಯಾಕೆ? ಒಂದೇ ದಾರಿಗೆ ಹಳಿ, ಕಾಂಕ್ರೀಟ್ ಪಟ್ಟಿ, ಪಕ್ಕದ ಪಟ್ಟಿ ಮೂರನ್ನೂ ಹಾಕಬೇಕು. ಮಾಮೂಲಿ ಮೆಟ್ರೋಗೆ ಎರಡು ಹಳಿ, ಒಂದು ಕರೆಂಟಿನ ಪಟ್ಟಿ ಇದ್ದರೆ ಸಾಕು.

ಉತ್ತರ ಸಿಗುವುದು ಪ್ಯಾರಿಸ್‌ನಲ್ಲಿ. ಟೈರು ಕಂಪನಿಯಾದ ಮಿಶ್ಲಾ (ನಾವು ಮಿಶೆಲಿನ್ ಅನ್ನುವುದು) 1930ರ ದಶಕದಲ್ಲೇ ಹಳಿಯ ಮೇಲೆ ಟೈರಿನಲ್ಲಿ ಓಡುವ ಹಗುರ ರೈಲುಬಂಡಿ ಮಾಡಿತ್ತು. ಎರಡನೇ ಮಹಾಯುದ್ಧದ ನಂತರ ಪ್ಯಾರಿಸ್ ಮೆಟ್ರೋ ವಿಪರೀತ ತುಂಬಿತ್ತು, ರೈಲುಗಳು ಹಳೆಯವಾಗಿದ್ದವು. ಹೊಸ ಸುರಂಗ ತೋಡಲು ದುಡ್ಡಿಲ್ಲ. ಇರುವ ಸುರಂಗದಲ್ಲೇ ಜಾಸ್ತಿ ರೈಲು ಓಡಿಸಬೇಕು. ಹಾಗೆ ಓಡಿಸಬೇಕಾದರೆ ಪ್ರತಿ ರೈಲು ಬೇಗ ಹೊರಡಬೇಕು, ಬೇಗ ನಿಲ್ಲಬೇಕು. ಇದು ಹಿಡಿತದ ಪ್ರಶ್ನೆ. ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ. ಒಣ ಕಾಂಕ್ರೀಟಿನ ಮೇಲೆ ರಬ್ಬರ್ ಕಚ್ಚಿಕೊಳ್ಳುತ್ತದೆ. 1951ರಿಂದ ಒಂದು ಪುಟ್ಟ ಮಾರ್ಗದಲ್ಲಿ ಪ್ರಯೋಗ ಮಾಡಿ, 1956ರಲ್ಲಿ 11ನೇ ಮಾರ್ಗವನ್ನು ಟೈರಿಗೆ ಬದಲಿಸಿದರು. ಜಗತ್ತಿನ ಮೊದಲ ಟೈರಿನ ಮೆಟ್ರೋ ಅದು. ಆಮೇಲೆ ತುಂಬ ಜನಸಂದಣಿಯ 1 ಮತ್ತು 4ನೇ ಮಾರ್ಗಗಳು. 1974ರಲ್ಲಿ 6ನೇ ಮಾರ್ಗ. ಅದರ ಬಹಳಷ್ಟು ದಾರಿ ಮನೆಗಳ ಪಕ್ಕದಲ್ಲೇ ಸೇತುವೆ ಮೇಲೆ ಸಾಗುತ್ತದೆ, ಸದ್ದು ತಗ್ಗಿಸಲು ಟೈರು ಬೇಕಾಯಿತು.

ಹಿಡಿತ ಅಂದರೆ ಎಷ್ಟು ದೊಡ್ಡ ವಿಷಯ ಅಂತ ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಇಳಿಯುವ ರೈಲಿನಲ್ಲಿ ನೀವು ಹೋಗಿರಬಹುದು. ಆ ಘಾಟಿಯ ಏರು 50ಕ್ಕೆ 1, ಅಂದರೆ ಶೇಕಡಾ 2. ನಮ್ಮ ಕಣ್ಣಿಗೆ ಅದು ಏರು ಅಂತಲೇ ಅನ್ನಿಸುವುದಿಲ್ಲ. ಆದರೂ ಅದನ್ನು ಹತ್ತಲು ಭಾರದ ರೈಲಿಗೆ ಹಿಂದಿನಿಂದ ತಳ್ಳುವ ಹೆಚ್ಚುವರಿ ಎಂಜಿನ್ ಬೇಕು. ಮೆಟ್ರೋ ರೈಲು ಹಗುರ, ಅದರ ತುಂಬ ಚಕ್ರಗಳಿಗೆ ಮೋಟರ್ ಇರುತ್ತದೆ, ಹಾಗಾಗಿ ಕಬ್ಬಿಣದ ಚಕ್ರದಲ್ಲೂ ಶೇಕಡಾ 3ರಿಂದ 4ರವರೆಗೆ ಹತ್ತಬಲ್ಲದು. ಮಾಂಟ್ರಿಯಲ್‌ನ ಟೈರಿನ ರೈಲು ಶೇಕಡಾ 6ಕ್ಕಿಂತ ಜಾಸ್ತಿ ಏರನ್ನು ದಿನಾ ಹತ್ತುತ್ತದೆ. ಸ್ವಿಟ್ಜರ್ಲೆಂಡಿನ ಲೋಸಾನ್ ಊರಿನಲ್ಲಿ 2008ರಲ್ಲಿ ಶುರುವಾದ ಎಂ2 ಮಾರ್ಗ ಇನ್ನೂ ಮುಂದೆ ಹೋಗಿದೆ. ಸರೋವರದ ದಡದಿಂದ ಊರಿನ ಮೇಲ್ತುದಿಗೆ ಸುಮಾರು 6 ಕಿ.ಮೀ.ಯಲ್ಲಿ 338 ಮೀಟರ್ ಏರುತ್ತದೆ. ಮೈಸೂರಿನ ನೆಲದಿಂದ ಚಾಮುಂಡಿ ಬೆಟ್ಟದ ತುದಿಗೆ ಹತ್ತಿದಷ್ಟು! ಕೆಲವು ಕಡೆ ಏರು ಶೇಕಡಾ 12. ಅಂಥ ಊರಿಗೆ ಟೈರು ಬಿಟ್ಟರೆ ಬೇರೆ ಸುಲಭದ ದಾರಿ ಇರಲಿಲ್ಲ.

ಮಾಂಟ್ರಿಯಲ್‌ಗೆ ಇದೆಲ್ಲ ಬಂದದ್ದು ಮೇಯರ್ ಜಾ಼ನ್ ದ್ರಾಪೋ ಅವರಿಂದ. 1960ರಲ್ಲಿ ಮತ್ತೆ ಮೇಯರ್ ಆದ ಅವರಿಗೆ ಮೆಟ್ರೋ ಕಟ್ಟಲೇಬೇಕು ಅನ್ನುವ ಹಟ. ಪಕ್ಕದ ಟೊರಾಂಟೊದಲ್ಲಿ 1954ರಿಂದಲೇ ಕಬ್ಬಿಣದ ಚಕ್ರದ ಮೆಟ್ರೋ ಓಡುತ್ತಿತ್ತು. ಆದರೆ ಮಾಂಟ್ರಿಯಲ್ ಫ್ರೆಂಚ್ ಮಾತಾಡುವ ಊರು, ಕಣ್ಣು ಪ್ಯಾರಿಸ್ ಕಡೆಗೆ. ಪ್ಯಾರಿಸ್ ಮೆಟ್ರೋದ ಎಂಜಿನಿಯರುಗಳು ಸಲಹೆಗೆ ಬಂದರು. 1962ರ ಮೇ 23ರಂದು ಅಗೆತ ಶುರು. 1966ರ ಅಕ್ಟೋಬರ್ 14ರಂದು ರೈಲು ಓಡಿತು. ನಾಲ್ಕೂವರೆ ವರ್ಷ ಕೂಡ ಆಗಿಲ್ಲ, ಗಮನಿಸಿ. ಮರುವರ್ಷ ಅಲ್ಲಿ ಎಕ್ಸ್‌ಪೋ 67 ಅನ್ನುವ ವಿಶ್ವ ಮೇಳ ನಡೆಯುವುದಿತ್ತು. ಸುರಂಗದಿಂದ ತೆಗೆದ ಕಲ್ಲುಮಣ್ಣನ್ನು ನದಿಗೆ ಸುರಿದು ಮೇಳದ ದ್ವೀಪಗಳನ್ನು ಕಟ್ಟಿದರು. ಒಂದು ದ್ವೀಪವನ್ನು ದೊಡ್ಡದು ಮಾಡಿದರು, ಇನ್ನೊಂದನ್ನು ಹೊಸದಾಗಿಯೇ ಎಬ್ಬಿಸಿದರು. ಅಲ್ಲಿಗೆ ಹೋಗಲು ನದಿಯ ಅಡಿಯಲ್ಲಿ ಹಳದಿ ಮಾರ್ಗ ತೋಡಿದರು. ಈಗ ಆ ದ್ವೀಪದ ನಿಲ್ದಾಣದ ಹೆಸರೇ ಜಾ಼ನ್-ದ್ರಾಪೋ.

ಈಗ ಹಿಮದ ವಿಷಯ. ಹಿಮ ಬೀಳುತ್ತದೆ ಅಂತಲೇ ಎಲ್ಲವನ್ನೂ ನೆಲದಡಿ ಹಾಕಿದ್ದಾರೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಟೊರಾಂಟೊದಲ್ಲೂ ಹಿಮ ಬೀಳುತ್ತದೆ, ಅಲ್ಲಿನ ಮೆಟ್ರೋ ಎಷ್ಟೋ ಕಡೆ ಬಯಲಿಗೆ ಬರುತ್ತದೆ. ಕಬ್ಬಿಣದ ಚಕ್ರಕ್ಕೆ ಹಿಮವನ್ನು ತುಳಿದು ಹೋಗುವ ಭಾರ ಇದೆ. ಮಾಂಟ್ರಿಯಲ್‌ನವರು ಟೈರನ್ನು ಆರಿಸಿಕೊಂಡ ಮೇಲೆ ಬಯಲಿಗೆ ಬರುವ ಬಾಗಿಲು ಮುಚ್ಚಿಹೋಯಿತು. ಒಂದು ಚಳಿಗಾಲಕ್ಕೆ ಎರಡು ಮೀಟರಿಗೂ ಜಾಸ್ತಿ ಹಿಮ ಬೀಳುವ ಊರು ಅದು. ಕಾಂಕ್ರೀಟ್ ಪಟ್ಟಿಯ ಮೇಲೆ ಮಂಜುಗಡ್ಡೆ ಕೂತರೆ ರಬ್ಬರಿನ ಆ ಹಿಡಿತವೆಲ್ಲ ಹೋಯಿತು. ಯಾವ ಗುಣಕ್ಕೆ ಟೈರು ತಂದರೋ ಅದೇ ಇಲ್ಲವಾಗುತ್ತದೆ. ಅದಕ್ಕೇ ಇವತ್ತಿಗೂ 68 ನಿಲ್ದಾಣಗಳ, ಸುಮಾರು 70 ಕಿ.ಮೀ. ಉದ್ದದ ಆ ಜಾಲದಲ್ಲಿ ಪ್ರಯಾಣಿಕರು ಓಡಾಡುವ ದಾರಿ ಒಂದು ಮೀಟರ್ ಕೂಡ ಆಕಾಶ ಕಾಣುವುದಿಲ್ಲ. ಜಪಾನಿನ ಸಪ್ಪೊರೊ ಊರಿನಲ್ಲೂ ಹಿಮ ವಿಪರೀತ, ಮೆಟ್ರೋಗೆ ಟೈರೇ. 1972ರ ಚಳಿಗಾಲದ ಒಲಿಂಪಿಕ್ಸ್‌ಗೆ ಮುಂಚೆ ಕಟ್ಟಿದ ಆ ಮಾರ್ಗದ ಒಂದು ಭಾಗ ಕಂಬಗಳ ಮೇಲೆ ಹೋಗುತ್ತದೆ. ಅವರು ಆ ಇಡೀ ಭಾಗಕ್ಕೆ ಅಲ್ಯೂಮಿನಿಯಂ ಹೊದಿಕೆ ಹೊದಿಸಿ, ಸುರಂಗವನ್ನೇ ಮೇಲಕ್ಕೆ ಎತ್ತಿಟ್ಟ ಹಾಗೆ ಮಾಡಿದ್ದಾರೆ.

ನಾನು ಈ ಮೆಟ್ರೋ ಬಗ್ಗೆ ಇಷ್ಟು ಆಸೆಯಿಂದ ಬರೆಯುವುದಕ್ಕೆ ಕಾರಣ ಇದೇ. ಒಂದು ಟೈರು ಹಾಕುತ್ತೇವೆ ಅಂತ 1961ರ ಸುಮಾರಿಗೆ ತೀರ್ಮಾನ ಮಾಡಿದರು. ಆಮೇಲೆ ಸುರಂಗದ ಆಳ, ನಿಲ್ದಾಣದ ಬಾಗಿಲು, ಬೇಸಿಗೆಯ ಸೆಕೆ, ಅರವತ್ತು ವರ್ಷದ ನಂತರ ರೈಲು ಯಾರಿಂದ ಕೊಳ್ಳಬೇಕು ಅನ್ನುವುದರವರೆಗೆ ಎಲ್ಲದರ ಮೇಲೂ ಆ ಟೈರಿನ ಗುರುತು ಬಿತ್ತು.

ಬಾಗಿಲನ್ನೇ ನೋಡಿ. ಮೆಟ್ರೋ ನಿಲ್ದಾಣದ ಹೊರಬಾಗಿಲು ತಳ್ಳಿದಾಗ ನಿಮಗೂ ಅನುಭವ ಆಗಿರುತ್ತದೆ. ಆ ಬಾಗಿಲಿಗೆ ಕೀಲು ಅಂಚಿನಲ್ಲಿಲ್ಲ, ನಡುವಿನಲ್ಲಿದೆ. ಒಂದು ಅರ್ಧ ಒಳಗೆ ಹೋದರೆ ಇನ್ನೊಂದು ಅರ್ಧ ಹೊರಗೆ ಬರುತ್ತದೆ, ಚಿಟ್ಟೆಯ ರೆಕ್ಕೆಯ ಹಾಗೆ. ಕಾರಣ ಗಾಳಿ. ಮುಚ್ಚಿದ ಸುರಂಗದಲ್ಲಿ ರೈಲು ಸೈಕಲ್ ಪಂಪಿನ ಒಳಗಿನ ಬಿರಡೆಯ ಹಾಗೆ ಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ಬಯಲಿಗೆ ಬಾಯಿ ಎಲ್ಲೂ ಇಲ್ಲದ್ದರಿಂದ ಆ ಗಾಳಿ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದು ಗುದ್ದುತ್ತದೆ. ಮಾಮೂಲಿ ಬಾಗಿಲಾದರೆ ವಯಸ್ಸಾದವರು ತೆಗೆಯಲಾರರು. ನಡುವೆ ಕೀಲು ಇದ್ದರೆ ಗಾಳಿ ಎರಡೂ ಅರ್ಧವನ್ನು ಸಮವಾಗಿ ತಳ್ಳುತ್ತದೆ, ಬಾಗಿಲು ಹಗುರವಾಗುತ್ತದೆ. ನಾನು ಮೊದಲ ಸಲ ಹೋದಾಗ ಹೊರಗೆ ಮೈನಸ್ 18 ಡಿಗ್ರಿ. ಬಾಗಿಲು ತಳ್ಳಿದ ಕೂಡಲೇ ಬೆಚ್ಚಗಿನ ಗಾಳಿ ಮುಖಕ್ಕೆ ಬಡಿದು ಕನ್ನಡಕ ಪೂರ್ತಿ ಮಂಜಾಯಿತು. ಏನೂ ಕಾಣದೆ ಅಲ್ಲೇ ನಿಂತೆ. ಹಿಂದೆ ಬಂದ ಅಜ್ಜಿಯೊಬ್ಬರು ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

ಆ ಬೆಚ್ಚನೆಯಲ್ಲೂ ಟೈರಿನ ಪಾಲಿದೆ. ಟೈರು ಉರುಳುವಾಗ ನೆಲಕ್ಕೆ ತಾಗುವ ಭಾಗ ಚಪ್ಪಟೆಯಾಗುತ್ತದೆ, ಮೇಲೆ ಹೋದಾಗ ಮತ್ತೆ ದುಂಡಗಾಗುತ್ತದೆ. ಪ್ರತಿ ಸುತ್ತಿಗೂ ಹೀಗೆ ಬಾಗಿ ಬಾಗಿ ರಬ್ಬರ್ ಬಿಸಿಯಾಗುತ್ತದೆ. ಗಟ್ಟಿಯಾದ ಕಬ್ಬಿಣದ ಚಕ್ರದಲ್ಲಿ ಈ ನಷ್ಟ ತೀರಾ ಕಡಿಮೆ. ಅಂದರೆ ಟೈರಿನ ರೈಲು ಉರುಳಲು ಕರೆಂಟು ಜಾಸ್ತಿ ತಿನ್ನುತ್ತದೆ, ತಿಂದದ್ದನ್ನು ಶಾಖವಾಗಿ ಸುರಂಗಕ್ಕೆ ಬಿಡುತ್ತದೆ. ಚಳಿಗಾಲದಲ್ಲಿ ಅದು ವರ. ಜುಲೈ ತಿಂಗಳಲ್ಲಿ ಹೋಗಿ ನೋಡಿ, ಬೆವರು ಕಿತ್ತುಬರುತ್ತದೆ. ಡಬ್ಬಿಗಳಲ್ಲಿ ಏಸಿ ಇಲ್ಲ, ಹೊಸ ರೈಲುಗಳಲ್ಲೂ ಇಲ್ಲ. ಏಸಿ ಹಾಕಿದರೆ ಡಬ್ಬಿಯ ಶಾಖವನ್ನು ಸುರಂಗಕ್ಕೇ ತಳ್ಳಬೇಕು, ಸುರಂಗ ಇನ್ನೂ ಕಾಯುತ್ತದೆ. ಕರೆಂಟಿನ ನಷ್ಟವನ್ನು ಸ್ವಲ್ಪ ವಾಪಸ್ ಪಡೆಯಲು ಅಲ್ಲಿನವರು ಒಂದು ಒಳ್ಳೆಯ ಉಪಾಯ ಮಾಡಿದ್ದಾರೆ. ನಿಲ್ದಾಣಗಳನ್ನು ದಿಬ್ಬದ ಮೇಲೆ ಇಟ್ಟು ನಡುವಿನ ಸುರಂಗವನ್ನು ತೊಟ್ಟಿಲಿನ ಹಾಗೆ ಕೆಳಗೆ ಇಳಿಸಿದ್ದಾರೆ. ಹೊರಡುವಾಗ ಇಳಿಜಾರು ಸಿಗುತ್ತದೆ, ಬೇಗ ವೇಗ ಬರುತ್ತದೆ. ನಿಲ್ದಾಣಕ್ಕೆ ಬರುವಾಗ ಏರು ಸಿಗುತ್ತದೆ, ವೇಗ ತಾನಾಗಿ ತಗ್ಗುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಟೈರಿಗೆ ಕಡಿದಾದ ಏರು ಹತ್ತುವ ಶಕ್ತಿ ಇರುವುದರಿಂದಲೇ ಇದು ಸಾಧ್ಯವಾಯಿತು.

ಪೂರ್ತಿ ಒಳಗೇ ಇರುವುದರಿಂದ ಇನ್ನೊಂದು ಲಾಭ ಆಯಿತು. ಚಳಿಗಾಲದಲ್ಲಿ ಆ ಊರಿನ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ, ಕಾರುಗಳು ತುಕ್ಕು ಹಿಡಿದು ಸಾಯುತ್ತವೆ. ಮೆಟ್ರೋ ಡಬ್ಬಿಗಳಿಗೆ ಮಳೆ, ಹಿಮ, ಉಪ್ಪು ಯಾವುದೂ ತಾಗಲಿಲ್ಲ. 1966ರಲ್ಲಿ ಮೊದಲ ದಿನ ಓಡಿದ ಎಂಆರ್-63 ಅನ್ನುವ ರೈಲುಗಳನ್ನು ಮಾಡಿದ್ದು ಕೆನೇಡಿಯನ್ ವಿಕರ್ಸ್, ಅದು ಹಡಗು ಕಟ್ಟುವ ಕಂಪನಿ. ಆ ರೈಲುಗಳು 2018ರವರೆಗೆ ಓಡಿದವು. ಐವತ್ತೆರಡು ವರ್ಷ! ನೀವು ನೀಲಿ ಮಾರ್ಗದಲ್ಲಿ ಕೂತದ್ದು ಅದರ ತಮ್ಮನಾದ ಎಂಆರ್-73ರಲ್ಲಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಹೊತ್ತಿಗೆ ಬಂದ ರೈಲು ಅದು, ಇನ್ನೂ ಓಡುತ್ತಿದೆ. ಅದು ಹೊರಡುವಾಗ ಮೂರು ಸ್ವರ ಕೇಳಿಸುತ್ತದೆ, 'ದು-ದು-ದು' ಅಂತ. ಯಾರೂ ಬಾರಿಸುವ ಸಂಗೀತವಲ್ಲ. ಮೋಟರಿಗೆ ಕರೆಂಟನ್ನು ತುಂಡು ತುಂಡಾಗಿ ಬಿಡುವ ಚಾಪರ್ ಅನ್ನುವ ಉಪಕರಣದ ಗುನುಗು ಅದು. ಊರಿನವರಿಗೆ ಆ ಸದ್ದು ಎಷ್ಟು ಪ್ರೀತಿಯದಾಯಿತು ಅಂದರೆ, 2016ರಲ್ಲಿ ಬಂದ ಹೊಸ ಅಜೂರ್ ರೈಲಿನಲ್ಲಿ ಬಾಗಿಲು ಮುಚ್ಚುವಾಗ ಅದೇ ಮೂರು ಸ್ವರವನ್ನು ಬೇಕೆಂದೇ ಬಾರಿಸುತ್ತಾರೆ.

ಮೆತ್ತಗೆ ಓಡುತ್ತದೆ, ಸದ್ದಿಲ್ಲ ಅಂತ ಟೈರಿನ ಬಗ್ಗೆ ಹೊಗಳುವುದು ಉಂಟು. ಇದನ್ನು ಸ್ವಲ್ಪ ತಿದ್ದಬೇಕು. ನೆಲಕ್ಕೆ, ಅಕ್ಕಪಕ್ಕದ ಕಟ್ಟಡಗಳಿಗೆ ಹೋಗುವ ಅದುರು ನಿಜಕ್ಕೂ ಕಡಿಮೆ. ತಿರುವಿನಲ್ಲಿ ಕಬ್ಬಿಣದ ಚಕ್ರ ಕಿರುಚುವ ಹಾಗೆ ಇದು ಕಿರುಚುವುದಿಲ್ಲ. ಮಾಮೂಲಿ ರೈಲಿನಲ್ಲಿ ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿದಿರುತ್ತವೆ. ತಿರುವಿನ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಹೋಗಲಾಗದೆ ಜಾರಿ ಕಿರುಚುತ್ತದೆ. ಟೈರಿನ ರೈಲಿನ ಅಚ್ಚಿಗೆ ಲಾರಿಗಿರುವ ಹಾಗೆ ಡಿಫರೆನ್ಷಿಯಲ್ ಇದೆ. ಎರಡು ಕಡೆಯ ಟೈರು ಬೇರೆ ಬೇರೆ ವೇಗದಲ್ಲಿ ತಿರುಗಬಹುದು. ಆದರೆ ಡಬ್ಬಿಯ ಒಳಗೆ ಕೂತವರಿಗೆ? ರೈಲು ಗಂಟೆಗೆ 72 ಕಿ.ಮೀ. ವೇಗ ಮುಟ್ಟಿದಾಗ ಟೈರಿನ ಗದ್ದಲ, ಸುರಂಗದ ಗಾಳಿ ಸೇರಿ ಪಕ್ಕದವರ ಮಾತು ಕೇಳಿಸುವುದಿಲ್ಲ. ನಿಮಗೂ ಗೊತ್ತಿರಬೇಕು.

ಈಗ ಬೆಂಗಳೂರಿಗೆ ಬರೋಣ. ನಮ್ಮ ಮೆಟ್ರೋದ ಮೊದಲ ಹಂತ 42.3 ಕಿ.ಮೀ. ಅದರಲ್ಲಿ ನೆಲದಡಿ ಇರುವುದು 8.8 ಕಿ.ಮೀ. ಮಾತ್ರ. ಉಳಿದದ್ದೆಲ್ಲ ಕಂಬದ ಮೇಲೆ, ಬಿಸಿಲು ಮಳೆಯಲ್ಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿಯುವ ಮಳೆಗೆ ಒದ್ದೆಯಾದ ಪಟ್ಟಿಯ ಮೇಲೆ ರಬ್ಬರಿನ ಹಿಡಿತ ಕಡಿಮೆಯಾಗುತ್ತದೆ. ಪ್ಯಾರಿಸ್‌ನ 6ನೇ ಮಾರ್ಗ ಬಯಲಿನಲ್ಲಿ ಓಡುತ್ತದಲ್ಲ ಅಂತ ನೀವು ಕೇಳಬಹುದು. ಓಡುತ್ತದೆ, ಓಡಲು ಆಗದು ಅಂತೇನಿಲ್ಲ. ಆದರೆ ಟೈರಿನ ಪೂರ್ತಿ ಲಾಭ ಅಲ್ಲಿ ಸಿಗುವುದಿಲ್ಲ, ಖರ್ಚು ಮಾತ್ರ ಪೂರ್ತಿ. ಏರುತಗ್ಗಿನ ವಿಷಯಕ್ಕೆ ಬಂದರೆ, ಕಂಬದ ಮೇಲೆ ಕಟ್ಟುವಾಗ ಕಂಬದ ಎತ್ತರ ಹೊಂದಿಸಿ ದಾರಿಯನ್ನು ಸಮ ಮಾಡಿಕೊಳ್ಳಬಹುದು. ಲೋಸಾನ್ ಊರಿನ ಕಷ್ಟ ನಮಗಿಲ್ಲ. ಕರೆಂಟು ಮಾತ್ರ ಎರಡೂ ಕಡೆ ಒಂದೇ: ನಮ್ಮ ನೇರಳೆ, ಹಸಿರು ಮಾರ್ಗಗಳಲ್ಲೂ ಹಳಿಯ ಪಕ್ಕದ ಪಟ್ಟಿಯಲ್ಲಿ 750 ವೋಲ್ಟ್ ಡಿಸಿ.

ಇದಕ್ಕಿಂತ ದೊಡ್ಡ ಕಾರಣ ಮಾರುಕಟ್ಟೆ. ಕಬ್ಬಿಣದ ಚಕ್ರದ ರೈಲು ಮಾಡುವವರು ಜಗತ್ತಿನಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ಮೊದಲ ಡಬ್ಬಿಗಳು ಬೆಂಗಳೂರಿನ ಬಿಇಎಂಎಲ್‌ನಿಂದಲೇ ಬಂದವು. ಟೈರಿನ ರೈಲು ಮಾಡುವವರು ಬೆರಳೆಣಿಕೆ. ಮಾಂಟ್ರಿಯಲ್‌ಗೆ ಇದರ ಬಿಸಿ ತಟ್ಟಿದೆ. 2010ರಲ್ಲಿ 468 ಹೊಸ ಡಬ್ಬಿ ಬೇಕಾದಾಗ ಬೊಂಬಾರ್ಡಿಯರ್ ಮತ್ತು ಆಲ್‌ಸ್ಟಾಮ್ ಜೊತೆಯಾಗಿ ಕೊಡಲು ಮುಂದೆ ಬಂದವು. ಕ್ವಿಬೆಕ್ ಸರ್ಕಾರ ಪ್ರತ್ಯೇಕ ಕಾನೂನನ್ನೇ ಮಾಡಿ ಗುತ್ತಿಗೆಯನ್ನು ಅವರಿಗೆ ಕೊಟ್ಟಿತು. ಒಂದು ಸಲ ಟೈರಿಗೆ ಕೈ ಹಾಕಿದ ಮೇಲೆ ಹಿಂದೆ ತೆಗೆಯುವುದು ಸುಲಭವಲ್ಲ. ಈಗ ಅವರು ನೀಲಿ ಮಾರ್ಗವನ್ನು ಪೂರ್ವಕ್ಕೆ ಐದು ನಿಲ್ದಾಣ ಬೆಳೆಸುತ್ತಿದ್ದಾರೆ. ಅದಕ್ಕೂ ಟೈರೇ, ಅದಕ್ಕೂ ಸುರಂಗವೇ. ರೈಲುಗಳು ಅವೇ ಆಗಿರುವಾಗ ಬೇರೆ ದಾರಿ ಎಲ್ಲಿದೆ?

ಟೈರು ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. 1960ರ ದಶಕದ ಕಬ್ಬಿಣದ ರೈಲು ಗಡಗಡ ಅನ್ನುತ್ತಿತ್ತು, ನಿಧಾನವಾಗಿ ಹೊರಡುತ್ತಿತ್ತು. ಅದರ ಎದುರು ಟೈರು ನಿಜಕ್ಕೂ ಮುಂದಿತ್ತು. ಮೆಕ್ಸಿಕೊ ನಗರವೂ 1969ರಲ್ಲಿ ಅದನ್ನೇ ಆರಿಸಿತು. ಹಳೆಯ ಕೆರೆಯ ಮೆತ್ತನೆ ಮಣ್ಣಿನ ಮೇಲೆ ಕೂತಿರುವ ಊರಿನಲ್ಲಿ ಅದುರು ಕಡಿಮೆ ಇರುವುದು ಸಣ್ಣ ವಿಷಯವಲ್ಲ. ಆದರೆ ಆಮೇಲೆ ಕಬ್ಬಿಣದ ಚಕ್ರ ಸುಮ್ನೆ ಕೂರಲಿಲ್ಲ. ಹಳಿಯ ಕೆಳಗೆ ರಬ್ಬರ್ ಹಾಸು ಬಂತು, ಬೆಸುಗೆ ಹಾಕಿದ ಉದ್ದ ಹಳಿ ಬಂತು, ಚಕ್ರ ಜಾರುವುದನ್ನು ಗುರುತಿಸಿ ಕರೆಂಟನ್ನು ತಿದ್ದುವ ಎಲೆಕ್ಟ್ರಾನಿಕ್ಸ್ ಬಂತು. ಅಂತರ ಕಡಿಮೆಯಾಯಿತು. ಟೈರಿನ ಮೆಟ್ರೋ ಹುಟ್ಟಿದ ಪ್ಯಾರಿಸ್‌ನಲ್ಲೇ ನೋಡಿ. 1998ರ 14ನೇ ಮಾರ್ಗಕ್ಕೆ ಟೈರು ಹಾಕಿದರು. ಈಗ ಊರಿನ ಸುತ್ತ ಕಟ್ಟುತ್ತಿರುವ 15, 16, 17, 18ನೇ ಮಾರ್ಗಗಳಿಗೆಲ್ಲ ಕಬ್ಬಿಣದ ಚಕ್ರ. ಮಾಂಟ್ರಿಯಲ್‌ನಲ್ಲೂ 2023ರ ಜುಲೈ ಕೊನೆಗೆ ಶುರುವಾದ ಆರ್‌ಇಎಂ ಅನ್ನುವ ಚಾಲಕನಿಲ್ಲದ ರೈಲಿಗೆ ಕಬ್ಬಿಣದ ಚಕ್ರವೇ. ಅದು ಬಯಲಿನಲ್ಲಿ, ಹಿಮದಲ್ಲಿ ಓಡುತ್ತದೆ. ಬೆಂಗಳೂರಿನವರು ಸರಿಯಾದದ್ದನ್ನೇ ಆರಿಸಿದರು ಅಂತ ನನಗೆ ಅನುಮಾನವಿಲ್ಲ.

ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡಿ. ಕಿತ್ತಳೆ ಮಾರ್ಗದಲ್ಲಿ ಸ್ಕ್ವೇರ್-ವಿಕ್ಟೋರಿಯಾ ನಿಲ್ದಾಣಕ್ಕೆ ಹೋಗಿ. ಅದರ ಒಂದು ಪ್ರವೇಶದ್ವಾರದಲ್ಲಿ ಬಳ್ಳಿಯ ಹಾಗೆ ಬಾಗಿರುವ ಹಸಿರು ಕಬ್ಬಿಣದ ಕಂಬಗಳಿವೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಎಕ್ಟರ್ ಗಿಮಾರ್ ಪ್ಯಾರಿಸ್ ಮೆಟ್ರೋಗೆಂದು ರೂಪಿಸಿದ ದ್ವಾರ ಅದು. ಪ್ಯಾರಿಸ್‌ನವರು 1967ರಲ್ಲಿ ಮಾಂಟ್ರಿಯಲ್‌ಗೆ ಕೊಟ್ಟರು.

ಇನ್ನು ಮೊಮ್ಮಗನ ಲೆಕ್ಕ. ಒಂದು ಚಕ್ರಗಾಡಿಗೆ ಭಾರ ಹೊರುವ ಟೈರು 4, ಅಡ್ಡ ಮಲಗಿರುವ ಟೈರು 4. ಒಂದು ಡಬ್ಬಿಗೆ ಎರಡು ಚಕ್ರಗಾಡಿ, ಅಲ್ಲಿಗೆ 16 ಟೈರು. ರೈಲಿಗೆ ಒಂಬತ್ತು ಡಬ್ಬಿ ಇದ್ದರೆ 144. ಆದರೆ ನೀಲಿ ಮಾರ್ಗದಲ್ಲಿ ಜನ ಕಡಿಮೆ ಇರುವುದರಿಂದ ಆರು ಡಬ್ಬಿಯ ರೈಲು ಓಡಿಸುತ್ತಾರೆ. ಹಾಗಾಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೊದಲು ಡಬ್ಬಿ ಎಣಿಸಲಿ, ಆಮೇಲೆ 16ರಿಂದ ಗುಣಿಸಲಿ.